ಕೆಂಚಿಯ ಬೆನ್ನಿನ ಬಿಳಿ ಕೂದಲು

ಕೆಂಚಿಗೆ ನಾನು ಕೊಟ್ಟದ್ದು ಹದಿನಾಲ್ಕು ಹಾಲಿ ರೂಪಾಯಿ, ಒಂದು ನಾರಾಯಣಪೇಟೆ ಸೀರೆ, ಒಂದು ಮಾತು. ಹಾಲಿ ಅಂದರೆ ನಮ್ಮ ನಿಜಾಮರ ರೂಪಾಯಿ. ಹದಿನಾಲ್ಕೇ ಯಾಕೆಂದರೆ ಹದಿನೈದನೆಯದು ನನ್ನ ಹತ್ತಿರ ಇರಲಿಲ್ಲ. ಸೀರೆ ಯಾಕೆಂದರೆ ಅದು ಬೇರೆಲ್ಲೂ ಮಾರಾಟವಾಗುವ ಮಾಲಾಗಿರಲಿಲ್ಲ. ಮಾತು ಯಾಕೆಂದರೆ, ಮಾತಿಗೇನು ದುಡ್ಡು ಬೀಳುತ್ತದೆಯೇ ಎಂದು ಹದಿನೈದರ ವಯಸ್ಸಿನಲ್ಲಿ ನಾನು ತಿಳಿದಿದ್ದೆ. ಕೊನೆಗೆ ಈ ಮೂರರಲ್ಲಿ ತುಟ್ಟಿಯಾದದ್ದು ಯಾವುದು ಎಂದು ನಿಮಗೆ ಮುಂದೆ ತಾನಾಗಿಯೇ ಗೊತ್ತಾಗುತ್ತದೆ.

ಕೆಂಚಿ ಒಂದು ಕುದುರೆ. ಗದ್ವಾಲದ ಸಾಹುಕಾರರು ಅದನ್ನು ಕುದುರೆ ಎಂದು ಒಪ್ಪುತ್ತಿರಲಿಲ್ಲ, ಅದು ಬೇರೆ ಮಾತು. ಕುರುಬರು ಹಿಂಡಿನ ಜೊತೆ ಊರೂರು ತಿರುಗುವಾಗ ಕಂಬಳಿ, ಗಡಿಗೆ, ನಡೆಯಲಾರದ ಎಳೆ ಮರಿಗಳನ್ನು ಹೇರಿಕೊಂಡು ಹೋಗುವ ಗಿಡ್ಡ ತಟ್ಟು ಅದು. ಕೆಂಪು ಮೈ, ಕಪ್ಪು ಬಾಲ, ಮುಖದಲ್ಲಿ ಯಾರದೋ ಅತ್ತೆಯ ಗಾಂಭೀರ್ಯ.

ಈಗ ಇದನ್ನೆಲ್ಲ ಎತ್ತಲು ಕಾರಣ ಒಂದು ಹಿತ್ತಾಳೆ ತಂಬಿಗೆ. ಹಳೆ ಹಿತ್ತಾಳೆ ತೂಗಿಕೊಂಡು ಹೊಸ ಸ್ಟೀಲಿನ ಪಾತ್ರೆ ಕೊಡುವವನು ನಿನ್ನೆ ನಮ್ಮ ಓಣಿಗೆ ಬಂದಿದ್ದ. ನನ್ನ ಹೆಂಡತಿ ಅಟ್ಟದಿಂದ ಇದನ್ನೂ ಇಳಿಸಿ ತಕ್ಕಡಿಗೆ ಹಾಕಿದಳು. ಅಂಗಡಿಯಿಂದ ಊಟಕ್ಕೆ ಬಂದವನು ನೋಡಿ ಎತ್ತಿಕೊಂಡೆ. "ಇಷ್ಟು ವರ್ಷದಾಗ ಒಂದು ದಿನ ಇದರಾಗ ನೀರು ಕುಡದಿಲ್ಲ, ಈಗೇನು ಪ್ರೀತಿ?" ಎಂದಳು. ಅವಳ ಮಾತು ನಿಜ. ಇದರಲ್ಲಿ ನೀರು ಕುಡಿದಿಲ್ಲ. ಇದರಲ್ಲಿ ನೀರು ಹಿಡಿದುಕೊಂಡು ಕೂತಿದ್ದೇನೆ ಅಷ್ಟೇ.

ನನ್ನ ತಂದೆ ನಾನು ತೊದಲುವಾಗಲೇ ತೀರಿಕೊಂಡರು. ನಾರಾಯಣಪೇಟೆಯಲ್ಲಿ ನೇಕಾರರ ಮನೆಗಳಿಗೆ ಅವ್ವ ರಾಟೆಯಲ್ಲಿ ನೂಲು ಸುತ್ತಿಕೊಡುತ್ತಿದ್ದಳು. ನಾನು ಹನ್ನೆರಡನೆಯ ವಯಸ್ಸಿಗೆ ಸೀರೆ ಗಂಟು ಹೊತ್ತು ಮರಿಕಲ್, ಮಕ್ತಲ ಸಂತೆಗಳಿಗೆ ಹೊರಟೆ. ಸಾಲೆಯಲ್ಲಿ ಕಲಿತದ್ದಕ್ಕಿಂತ ಮಕ್ತಲದ ದನದ ಸಂತೆಯಲ್ಲಿ ಕಲಿತದ್ದೇ ಹೆಚ್ಚು. ಅಲ್ಲಿ ದಲಾಲರು ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ಕೈಗಳ ಮೇಲೆ ಟವಲು ಹಾಕಿಕೊಂಡು, ಅದರ ಕೆಳಗೆ ಒಬ್ಬರ ಬೆರಳು ಒಬ್ಬರು ಹಿಡಿದು, ಬೆರಳಿಗಿಷ್ಟು ಎಂದು ವ್ಯಾಪಾರ ಮುಗಿಸುತ್ತಾರೆ. ಮುಖದ ಮೇಲೆ ಒಂದು ಗೆರೆ ಅಲುಗಬಾರದು. ನಾನು ಮನೆಯಲ್ಲಿ ಅವ್ವನ ಕೈ ಹಿಡಿದು ಅಭ್ಯಾಸ ಮಾಡುತ್ತಿದ್ದೆ. ಅವಳಿಗೆ ಕಚಗುಳಿಯಾಗಿ ನಗುತ್ತಿದ್ದಳು, ನನ್ನ ಬೆಲೆ ಕೆಡುತ್ತಿತ್ತು.

ಕೆಂಚಿಯನ್ನು ಕಂಡದ್ದು ಆ ಸಂತೆಯಲ್ಲೇ. ಹಗ್ಗ ಹಿಡಿದು ನಿಂತಿದ್ದವಳು ಮಲ್ಲವ್ವ ಎಂಬ ಕುರುಬರ ಹೆಂಗಸು, ಐವತ್ತರ ಆಚೆ ಈಚೆ. ಗಂಡ ಹೋದ ಮೇಲೆ ಅವಳ ಕುರಿಗಳು ಮೈದುನನ ಹಿಂಡಿಗೆ ಸೇರಿದ್ದವು. ಮೈದುನನಿಗೆ ತನ್ನದೇ ತಟ್ಟುಗಳಿದ್ದವು. ಆದ್ದರಿಂದ ಕೆಂಚಿಯನ್ನು ಮಾರಲು ಬಂದಿದ್ದಳು. ರಾಯಚೂರು ಕಡೆಯ ಟಾಂಗಾದವನೊಬ್ಬ ಆಗಲೇ ಕುದುರೆಯ ಹಲ್ಲು ಬಿಡಿಸಿ ನೋಡುತ್ತಿದ್ದ. ನಾನು ನಡುವೆ ನುಗ್ಗಿ, ದೊಡ್ಡವರ ಹಾಗೆ ಹೆಗಲ ಮೇಲಿನ ಟವಲು ತೆಗೆದು ಕೈಮೇಲೆ ಹಾಕಿಕೊಂಡು ಅವಳ ಕಡೆ ಚಾಚಿದೆ.

"ಟವಲ್ ತಗಿ ಮಗಾ," ಅಂದಳು ಮಲ್ಲವ್ವ. "ಕೈ ಮುಚ್ಚಿಟ್ಟು ನಾ ಯಾವತ್ತೂ ಏನೂ ಮಾರಿಲ್ಲ. ಇವ ಹದಿನೆಂಟು ಅಂದಾನ. ನೀ ಎಷ್ಟು ಅಂತಿ?"

ನನ್ನ ವಿದ್ಯೆಯೆಲ್ಲ ಟವಲಿನ ಜೊತೆಗೇ ಹೋಯಿತು. "ಹದಿನಾಲ್ಕೈತಿ ಯವ್ವ," ಎಂದುಬಿಟ್ಟೆ. ಇರುವುದನ್ನು ಇದ್ದಹಾಗೆ ಹೇಳುವುದು ವ್ಯಾಪಾರಿಗೆ ಎಷ್ಟು ದೊಡ್ಡ ಅವಮಾನ ಎಂದು ನಿಮಗೆ ಗೊತ್ತಿದ್ದರೆ ನನ್ನ ಕಿವಿ ಕೆಂಪಾದದ್ದೂ ಗೊತ್ತಾಗುತ್ತದೆ. ಟಾಂಗಾದವ ನಕ್ಕ.

ಮಲ್ಲವ್ವ ನಗಲಿಲ್ಲ. "ರಾತ್ರಿ ಇದು ಎಲ್ಲಿ ಮಲಗತೈತಿ?" ಎಂದು ಇಬ್ಬರನ್ನೂ ಕೇಳಿದಳು.

"ಕುದುರಿ ಎಲ್ಲಿ ಮಲಗತೈತಿ? ನಿಂತ ನಿದ್ದಿ ಮಾಡತೈತಿ," ಎಂದ ಟಾಂಗಾದವ.

"ನಮ್ಮ ಮನೀ ಅಂಗಳದಾಗ," ಅಂದೆ ನಾನು. "ಅವ್ವನ ರಾಟಿ ಪಕ್ಕ. ಬ್ಯಾರೆ ಜಾಗ ಇಲ್ಲ."

ಅಷ್ಟಕ್ಕೆ ವ್ಯಾಪಾರ ಮುಗಿಯಿತು. ನಾಲ್ಕು ರೂಪಾಯಿ ಕಡಿಮೆಯಾಯಿತಲ್ಲ ಎಂದು ನಾನೇ ಗಂಟಿನಿಂದ ಒಂದು ಸೀರೆ ತೆಗೆದು ಕೊಟ್ಟೆ. ಅದರ ಸೆರಗಿನಲ್ಲಿ ನೇಯುವಾಗ ಎಳೆ ತಪ್ಪಿ ಅಂಗೈಯಗಲ ಕಲೆಯಾಗಿತ್ತು. ಆ ಭಾಗ ಒಳಗೆ ಬರುವಂತೆ ಮಡಚಿ, ಮೇಲೆ ಒಳ್ಳೆಯ ಅಂಚು ಕಾಣುವಂತೆ ಇಟ್ಟಿದ್ದೆ. ಮಡಚುವುದರಲ್ಲಿ ನನ್ನ ಕೈ ಆಗಲೇ ಪಳಗಿತ್ತು.

ಮಲ್ಲವ್ವ ಸೀರೆ ಕಂಕುಳಲ್ಲಿಟ್ಟುಕೊಂಡು, ಅಂಗೈ ಅಗಲಿಸಿ ಕೆಂಚಿಯ ಕತ್ತಿನಿಂದ ಬಾಲದವರೆಗೆ ಬೆನ್ನ ಮೇಲೆ ಒಂದು ಸಲ ಒಯ್ದಳು. "ನೋಡು ಮಗಾ, ಒಂಬತ್ತು ವರ್ಷ ಮರಿ ಹೊತ್ತೈತಿ, ಬೆನ್ನ ಮ್ಯಾಲ ಒಂದು ಗಾಯ ಇಲ್ಲ. ದಸರಾಕ್ಕ ನಮ್ಮ ಹಿಂಡು ಗದ್ವಾಲ ಕಡಿ ಇರತೈತಿ. ಎಲ್ಲಿದ್ದರೂ ನಾ ಬಂದು ನೋಡ್ತೀನಿ. ಗಾಯ ಕಂಡರ ಕರಕೊಂಡು ಹೋಗ್ತೀನಿ. ರೊಕ್ಕ ವಾಪಸ್ ಕೇಳಬ್ಯಾಡ. ಒಪ್ಪಿಗೇನ?"

"ಒಪ್ಪಿಗೆ," ಅಂದೆ. ಅದೇ ಆ ಮಾತು.

ಸೀರೆ ಗಂಟು ಹೊರಲು ತಂದ ಕುದುರೆಯ ಮೇಲೆ ಪಂದ್ಯಕ್ಕೆ ಹೋಗುವ ಹುಚ್ಚು ಹತ್ತಿಸಿದವರು ಹುಸೇನಸಾಬರು. ಪಲ್ಟನ್ನಿನಲ್ಲಿ ಸವಾರರಾಗಿದ್ದು ವಯಸ್ಸಾಗಿ ನಮ್ಮ ಓಣಿಯಲ್ಲಿ ಬಂದು ನೆಲೆಸಿದವರು. ಹಲ್ಲುಗಳೆಲ್ಲ ಹೋಗಿದ್ದರೂ ಬೆನ್ನು ಮಾತ್ರ ಗೋಡೆಗೆ ಬಡಿದ ಗೂಟದ ಹಾಗೆ ನೆಟ್ಟಗಿತ್ತು. ಗದ್ವಾಲದಲ್ಲಿ ದಸರಾಕ್ಕೆ ಓಟದ ಪಂದ್ಯ, ಭರ್ಚಿಯಿಂದ ಗೂಟ ಕೀಳುವ ಪಂದ್ಯ ಎಲ್ಲ ಇದ್ದವು. ಬಡವರ ಕುದುರೆಗೆ ಸಾಧ್ಯವಿದ್ದದ್ದು ಒಂದೇ, ನಡಿಗೆಯ ಪಂದ್ಯ. ಒಂದು ಕೈಯಲ್ಲಿ ಲಗಾಮು, ಇನ್ನೊಂದು ಕೈಯಲ್ಲಿ ಬಾಯಿತನಕ ತುಂಬಿದ ತಂಬಿಗೆ. ಕೋಟೆ ಬಾಗಿಲಿನಿಂದ ಕೆರೆ ಏರಿಯವರೆಗೆ ಹೋಗಿ ತಿರುಗಿ ಬರಬೇಕು. ನೀರು ಚೆಲ್ಲಬಾರದು, ತಡವೂ ಆಗಬಾರದು, ಸವಾರ ನೆಲಕ್ಕೆ ಕಾಲಿಡಬಾರದು.

ಆರು ತಿಂಗಳು ನಾನು ಮರಿಕಲ್ ದಾರಿಯಲ್ಲಿ ತಂಬಿಗೆ ಹಿಡಿದು ಅಭ್ಯಾಸ ಮಾಡಿದೆ. ಕೆಂಚಿ ಒಂದೊಂದು ಹೆಜ್ಜೆಗೂ ಕಲ್ಲಿನ ಮೇಲೆ ಹೋಗುವ ಚಕ್ಕಡಿಯ ಹಾಗೆ ಕುಲುಕುತ್ತಿತ್ತು. "ಕಮರ್ ಸೀದಾ ಬೇಟಾ, ಕಮರ್ ಸೀದಾ," ಎಂದು ಹುಸೇನಸಾಬರು ಕೂಗುತ್ತಿದ್ದರು. ನನ್ನ ನಡು ನೆಟ್ಟಗಿದ್ದರೂ ನೀರು ನನ್ನ ಮಾತು ಕೇಳುತ್ತಿರಲಿಲ್ಲ. ದಿನಾ ತೊಯ್ದು ಮನೆಗೆ ಬರುತ್ತಿದ್ದೆ. ಅವ್ವ ರಾಟೆ ನಿಲ್ಲಿಸಿ ನೋಡಿ, "ಜಳಕ ಮನ್ಯಾಗ ಮಾಡೋ. ಕುದುರಿ ಮ್ಯಾಲ ಯಾಕ ಮಾಡ್ತಿ?" ಎನ್ನುತ್ತಿದ್ದಳು. ರಾತ್ರಿ ಮಾತ್ರ ಕೆಂಚಿ ಅವಳ ರಾಟೆಯ ಪಕ್ಕದಲ್ಲೇ ಮಲಗುತ್ತಿತ್ತು, ನಿಜವಾಗಿಯೂ ಕಾಲು ಮಡಚಿ ಮಲಗುತ್ತಿತ್ತು. ಟಾಂಗಾದವನಿಗೆ ಹೋಗಿ ಹೇಳಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಪಂದ್ಯಕ್ಕೆ ಜೀನು ಬೇಕೇಬೇಕು ಎಂದು ಹುಸೇನಸಾಬರು ತಮ್ಮ ಹಳೆಯ ಪಲ್ಟನ್ನಿನ ಜೀನು ಕೊಟ್ಟರು. ಅದು ದೊಡ್ಡ ಕುದುರೆಗೆ ಮಾಡಿದ ಜೀನು. "ಕೆಳಗ ದಪ್ಪ ನಮದಾ ಹಾಕು ಬೇಟಾ, ಇಲ್ಲಾಂದರ ಬೆನ್ನು ತಿಂತೈತಿ," ಎಂದು ಎರಡೆರಡು ಸಲ ಹೇಳಿದರು. ನಮದಾ ಅಂದರೆ ಉಣ್ಣೆ ಬಡಿದು ಮಾಡಿದ ಮೆತ್ತೆ. ಪೇಟೆಯಲ್ಲಿ ಕೇಳಿದರೆ ಒಂದೂಕಾಲು ರೂಪಾಯಿ ಅಂದರು. ನಾನು ಗೋಣಿಚೀಲವನ್ನು ನಾಲ್ಕು ಮಡಿಕೆ ಮಡಚಿ ಹಾಕಿದೆ. ಒಂದೂಕಾಲು ರೂಪಾಯಿ ಉಳಿಯಿತು. ಆ ದಿನ ನಾನು ಎಷ್ಟು ಸಂತೋಷವಾಗಿದ್ದೆ ಎಂದು ಈಗ ನೆನೆದರೆ ನನ್ನ ಬೆನ್ನೇ ಉರಿಯುತ್ತದೆ.

ದಸರಾ ಹತ್ತಿರ ಬಂದಾಗ ಕೆಂಚಿಯ ಹೆಗಲ ಹಿಂದೆ ಕೂದಲು ಉದುರಿತು. ಆಮೇಲೆ ಚರ್ಮ ಕೆಂಪಾಯಿತು. ಹೊರಡಲು ನಾಲ್ಕು ದಿನ ಇರುವಾಗ ರೂಪಾಯಿಯಗಲ ಗಾಯ ಬಾಯಿ ಬಿಟ್ಟಿತು. ಅವ್ವ ನೋಡಿ, "ಅರಿಸಿನ ಬೇವಿನೆಣ್ಣಿ ಹಚ್ಚು. ಹದಿನೈದು ದಿನ ಹತ್ತಬ್ಯಾಡ," ಎಂದಳು. ನಾನು ಅರಿಸಿನವನ್ನು ತೆಗೆದುಕೊಂಡೆ, ಹದಿನೈದು ದಿನವನ್ನು ಬಿಟ್ಟೆ.

ಇಲ್ಲಿ ನನ್ನ ಬುದ್ಧಿ ಓಡಿದ ಬಗೆಯನ್ನು ನಿಮಗೆ ಹೇಳಲೇಬೇಕು. ಮೈಲಾರಲಿಂಗ ಕುದುರೆಯ ಮೇಲೆ ಕೂತ ದೇವರು. ಅವನ ಒಕ್ಕಲಿನವರು ಹೊರಡುವ ಮುಂಚೆ ಕುದುರೆಯ ಹಣೆಗೆ ಭಂಡಾರ, ಅಂದರೆ ಅರಿಸಿನಪುಡಿ, ಹಚ್ಚುವುದುಂಟು. ಹಣೆಗೆ ಹಚ್ಚುವುದನ್ನು ಬೆನ್ನಿಗೂ ಹಚ್ಚಿದರೆ ಯಾರು ಬೇಡ ಅಂತಾರೆ? ಗಾಯದ ಮೇಲೆ ತಟ್ಟೆಯಗಲ ಭಂಡಾರ ಬಳಿದೆ. ಗಾಯ ಕಾಣಲಿಲ್ಲ, ಭಕ್ತಿ ಕಂಡಿತು. ಮಕ್ತಲದಲ್ಲಿ ಒಬ್ಬ ಮುದುಕಿ ಕೆಂಚಿಗೆ ಕೈ ಮುಗಿದು ನನಗೆ ಎರಡು ಜೋಳದ ರೊಟ್ಟಿ ಪುಕ್ಕಟೆ ಕೊಟ್ಟಳು. ಅದನ್ನು ತಿನ್ನುವಾಗಲೂ ನನಗೆ ಏನೂ ಅನ್ನಿಸಲಿಲ್ಲ. ರೊಟ್ಟಿ ಚೆನ್ನಾಗಿತ್ತು.

ದಾರಿಯುದ್ದಕ್ಕೂ ನಡೆದೇ ಹೋದೆ. ದಯೆಯಿಂದಲ್ಲ, ಪಂದ್ಯಕ್ಕೆ ಬೆನ್ನು ಉಳಿಯಲಿ ಎಂಬ ಲೆಕ್ಕದಿಂದ. ಕೃಷ್ಣೆಯಲ್ಲಿ ನೀರು ತುಂಬಿತ್ತು. ನಾನು ಜೀನು ಹಿಡಿದು ಹರಗೋಲಿನಲ್ಲಿ ಕೂತೆ. ಕೆಂಚಿ ಪಕ್ಕದಲ್ಲಿ ಈಜುತ್ತ ಬಂತು, ಮೂಗು ಮಾತ್ರ ಮೇಲೆ. ಅದರ ಬೆನ್ನಿನಿಂದ ಹಳದಿ ನೀರು ಎಳೆಯಾಗಿ ಹರಿದು ಹಿಂದಕ್ಕೆ ಹೋಗುತ್ತಿತ್ತು. ಆಚೆ ದಡ ಮುಟ್ಟುವಾಗ ಗಾಯ ಬಿಚ್ಚಿಕೊಂಡು ನನ್ನನ್ನೇ ನೋಡುತ್ತಿತ್ತು. ಹರಗೋಲಿನವನು ಗಾಯ ನೋಡಿದ, ನನ್ನನ್ನು ನೋಡಿದ, ಬಾಡಿಗೆ ತೆಗೆದುಕೊಂಡು ಹೋದ. ನಾನು ಚೀಲದಿಂದ ಅರಿಸಿನ ತೆಗೆದು ಇನ್ನೊಮ್ಮೆ ಬಳಿದೆ.

ಪಂದ್ಯದ ದಿನ ಬೆಳಿಗ್ಗೆ, ಗದ್ವಾಲ ಕೋಟೆಯ ಹೊರಗೆ ಒಂದು ಬೇವಿನ ಮರದ ಕೆಳಗೆ ಜೀನು ಬಿಗಿಯುತ್ತಿದ್ದೆ. ಹಿಂದಿನಿಂದ "ಬಂದಿಯೇನ ಮಗಾ?" ಎಂಬ ದನಿ. ತಿರುಗಿದರೆ ಮಲ್ಲವ್ವ. ಕೈಯಲ್ಲಿ ಕೋಲು, ಹೆಗಲಲ್ಲಿ ಕಂಬಳಿ, ಬೆನ್ನ ಹಿಂದೆ ಎರಡು ಎಳೆ ಮರಿ. ಉಟ್ಟಿದ್ದು ನಾನು ಕೊಟ್ಟ ಸೀರೆ.

ಕೆಂಚಿ ಅವಳ ಭುಜಕ್ಕೆ ಮೂತಿ ಒರಗಿಸಿತು. ನನಗೆ ಆರು ತಿಂಗಳಲ್ಲಿ ಒಂದು ದಿನವೂ ಹಾಗೆ ಮಾಡಿರಲಿಲ್ಲ.

"ಭಂಡಾರ ಹಚ್ಚೀಯಲ್ಲ, ಛಲೋ ಮಾಡಿದಿ," ಎಂದು ಜೀನಿನ ಅಂಚಿನಲ್ಲಿ ಕಂಡ ಅರಿಸಿನವನ್ನು ಒಂದು ಚಿಟಿಕೆ ತೆಗೆದು ಹಣೆಗಿಟ್ಟುಕೊಂಡಳು, ಉಳಿದದ್ದನ್ನು ಬಾಯಿಗೆ ಹಾಕಿಕೊಂಡಳು. ಆಮೇಲೆ ಜೀನು ಸರಿಸಿ, ತನ್ನ ರೂಢಿಯಂತೆ ಅಂಗೈ ಅಗಲಿಸಿ ಕತ್ತಿನಿಂದ ಒಯ್ದಳು. ಅರಿಸಿನದ ಮೇಲೆ ಕೈ ಬಂದಾಗ ಕೆಂಚಿಯ ಚರ್ಮ ಅದುರಿತು. ಕೈ ಅಲ್ಲೇ ನಿಂತಿತು.

ಮಲ್ಲವ್ವ ಸೆರಗಿನಿಂದ ಮೆಲ್ಲಗೆ ಅರಿಸಿನ ಒರೆಸಿದಳು. ಸೆರಗಿನ ಆ ತಪ್ಪಿದ ಎಳೆಗಳ ಕಲೆ ಸರಿಯಾಗಿ ಗಾಯದ ಪಕ್ಕದಲ್ಲೇ ಬಂತು. ಎರಡೂ ನನ್ನವೇ.

"ಏನಿದು?"

ನಾನು ವ್ಯಾಪಾರಿಯಲ್ಲವೇ, ಆಗಲೂ ಬಾಯಿ ಸುಮ್ಮನಿರಲಿಲ್ಲ. "ಯವ್ವ, ಇವತ್ತೊಂದು ದಿನ ಬಿಡು. ಗೆದ್ದದ್ದರಾಗ ಅರ್ಧ ನಿನಗ ಕೊಡ್ತೀನಿ."

"ನೋವಿನಾಗೂ ಅರ್ಧ ತಗೋತೀಯೇನ?"

ಜೀನಿನ ಪಟ್ಟಿ ಬಿಚ್ಚಿ ಕೆಳಗಿಳಿಸಿದೆ. ಹಗ್ಗ ಅವಳ ಕೈಗೆ ಕೊಟ್ಟೆ. "ಒಯ್ಯವ್ವ. ಮಾತು ಅಂದರ ಮಾತು," ಎಂದೆ. ಮೂಗಿನಲ್ಲಿ ನೀರು ಬಂತು. ಅಳಲಿಲ್ಲ ಎಂದು ಬರೆಯಬಹುದಿತ್ತು, ನೋಡಿದವರು ಈಗ ಯಾರೂ ಇಲ್ಲ. ಅತ್ತೆ.

ಅವಳು ಹಗ್ಗವನ್ನು ಕೈಗೆ ಸುತ್ತಿಕೊಂಡಳು. "ಈ ಸೀರೀದು ನೋಡು," ಎಂದು ಸೆರಗು ತೋರಿಸಿದಳು. "ಕಲಿ ಒಳಗ ಮಡಚಿ ಕೊಟ್ಟಿದ್ದಿ. ಅವತ್ತ ಕಂಡಿತ್ತು ನನಗ."

"ಮತ್ತ ಯಾಕ ತಗೊಂಡಿ?"

"ಮಡಚಾಕ ಕಲತ ಹುಡುಗ ಬಿಚ್ಚಾಕೂ ಕಲೀತಾನ ಅಂದ್ಕೊಂಡೆ. ಮೂಗು ಒರಸ್ಕೋ."

ಅಷ್ಟರಲ್ಲಿ ಮೈದಾನದಲ್ಲಿ ತುತ್ತೂರಿ ಊದಿದರು. "ಓಡಾಕ ಕರದರೇನ?" ಎಂದು ಕೇಳಿದಳು. ಓಡಲು ಅಲ್ಲ, ತಂಬಿಗೆ ನೀರು ಚೆಲ್ಲದ ಹಾಗೆ ನಡೆಯಲು ಎಂದು ನಾನು ಪಂದ್ಯದ ಬಗೆ ಹೇಳಿದೆ, ಕೆಂಚಿ ಕುಲುಕುವುದನ್ನೂ ಹೇಳಿದೆ. ಮಲ್ಲವ್ವನಿಗೆ ಮೊದಲ ಸಲ ನಗು ಬಂತು.

"ಒಂಬತ್ತು ವರ್ಷ ಎಳೇ ಮರಿ ಹೊತ್ತು, ಒಂದು ಮರಿ ಎಚ್ಚರಾಗದಂಗ ನಡದದ್ದು ಇದು. ಇದಕ್ಕ ಜೀವ ಹೊತ್ತಾಗ ಒಂದು ನಡಿಗಿ, ಸೀರಿ ಹೊತ್ತಾಗ ಒಂದು ನಡಿಗಿ. ನಿನ್ನ ಗಂಟು ಕುಲುಕಿದರ ಅದಕ್ಕೇನು?"

ತನ್ನ ಕಂಬಳಿಯನ್ನು ಎರಡು ಸುರುಳಿ ಮಾಡಿ ಬೆನ್ನೆಲುಬಿನ ಎರಡೂ ಬದಿಗೆ ಇಟ್ಟಳು. ನಡುವೆ ಗಾಳಿ ಆಡುವಷ್ಟು ಜಾಗ, ಗಾಯಕ್ಕೆ ಏನೂ ತಾಗುವಂತಿರಲಿಲ್ಲ. ಅದರ ಮೇಲೆ ಉಣ್ಣೆಯ ಜೋಡಿಚೀಲ, ಆ ಬದಿಗೊಂದು ಈ ಬದಿಗೊಂದು ಮರಿ, ತಲೆ ಮಾತ್ರ ಹೊರಗೆ. "ನೀ ಹಿಂದಕ ಸರದು ಕುಂದರು. ನಮ್ಮ ಕೆಂಚಿ ನಡಿಗಿ ಗದ್ವಾಲದವರೂ ನೋಡ್ಲಿ. ಒಂದು ಮಾತು. ನೋವಾದರ ಇದು ನಿಂದರತೈತಿ. ನಿಂತರ ಇಳಿ. ಹೊಡದಿ ಅಂದರ ಮತ್ತ ನಿನಗ ಕೆಂಚಿ ಇಲ್ಲ."

ಪಂದ್ಯದ ತೀರ್ಪಿಗೆ ಕೂತಿದ್ದವರು ಬಿಳಿ ಮೀಸೆಯ ಜಮಾದಾರರು. ಹತ್ತು ಎತ್ತರದ ಕುದುರೆಗಳ ಕೊನೆಗೆ ಎರಡು ಮರಿಗಳೊಂದಿಗೆ ಬಂದ ಕೆಂಚಿಯನ್ನು ನೋಡಿ ಅವರ ಮೀಸೆ ಮೇಲಕ್ಕೆ ಹೋಯಿತು. "ಏ ಕ್ಯಾ ಹೈ ರೇ? ಸವಾರಿ ಪಂದ್ಯ ಐತೋ, ಕುರಿ ಸಂತಿ ಐತೋ?"

"ಸಾಹೇಬರ, ಮರಿ ಹೊರಬಾರದು ಅಂತ ಕಾಯ್ದೆದಾಗ ಐತೇನ್ರಿ? ನಮ್ಮ ಕುದುರಿಗೇ ಭಾರ ಜಾಸ್ತಿ, ಲಾಭ ಅವರಿಗೇ ಅಲ್ಲೇನ್ರಿ?" ಎಂದೆ. ಕಣ್ಣೀರು ಇನ್ನೂ ಒಣಗಿರಲಿಲ್ಲ, ಆದರೂ ಚೌಕಾಶಿ ಬಂತು. ಜಮಾದಾರರು ಬಿದ್ದು ಬಿದ್ದು ನಕ್ಕು ತಂಬಿಗೆ ತುಂಬಿಸಿ ಕೊಟ್ಟರು.

ಕೆಂಚಿ ಹೊರಟಿತು. ನಾನು ಆರು ತಿಂಗಳು ಹತ್ತಿದ್ದು ಈ ಕುದುರೆಯನ್ನೇ ಅಲ್ಲ. ಎರಡೂ ಕಿವಿ ಹಿಂದಕ್ಕೆ, ಮರಿಗಳ ಉಸಿರಿನ ಕಡೆಗೆ ತಿರುಗಿದ್ದವು. ಕಾಲು ನೆಲ ಮುಟ್ಟುವುದು ಗೊತ್ತಾಗುತ್ತಿರಲಿಲ್ಲ. ಬಿರುಸಿನ ನಡಿಗೆಯೇ, ಆದರೆ ತಂಬಿಗೆಯ ನೀರು ಬಾವಿಯ ನೀರಿನಂತೆ ತಣ್ಣಗೆ ಕೂತಿತ್ತು. ಅದರಲ್ಲಿ ನನ್ನ ಮುಖ ಕಾಣುತ್ತಿತ್ತು. ಎತ್ತರದ ಕುದುರೆಗಳ ಸವಾರರು ತೊಯ್ದುಹೋದರು, ಒಬ್ಬೊಬ್ಬರೇ ಹಿಂದೆ ಬಿದ್ದರು. ಕೆರೆ ಏರಿ ಮುಟ್ಟುವಾಗ ನಮ್ಮ ಮುಂದೆ ಒಂದೇ ಬಿಳಿ ಕುದುರೆ ಇತ್ತು. ತಿರುಗಿ ಬರುವಾಗ ಅದನ್ನೂ ದಾಟಿದೆವು. ಕೋಟೆ ಬಾಗಿಲಿನ ಕೆಳಗಿನ ಜನರ ರುಮಾಲಿನ ಬಣ್ಣ ಕಾಣುವಷ್ಟು ಹತ್ತಿರ ಬಂದಾಗ ಬಲಬದಿಯ ಮರಿ ಒಂದು ಸಲ ಅರಚಿತು. ಕೆಂಚಿ ನಿಂತಿತು.

ಹಿಮ್ಮಡಿಯಿಂದ ಒಂದು ಒದೆ ಕೊಟ್ಟರೆ ಸಾಕಿತ್ತು. ಹಿಮ್ಮಡಿ ಎತ್ತಿದ್ದೂ ನಿಜ. ಹಿಂದೆ ಬಿಳಿ ಕುದುರೆಯ ಗೊರಸಿನ ಸದ್ದು. ಮುಂದೆ ಜನ ಕೂಗುತ್ತಿದ್ದಾರೆ. ನೋವಿಗೆ ನಿಂತಿತೋ, ಮರಿಗೆ ನಿಂತಿತೋ ನನಗೆ ತಿಳಿಯಲಿಲ್ಲ. ಎತ್ತಿದ ಕಾಲನ್ನು ಆಚೆಗೆ ಹಾಕಿ ಇಳಿದೆ, ತಂಬಿಗೆ ಕೈಯಲ್ಲೇ ಇತ್ತು. ನೋಡಿದರೆ ಮರಿಯ ಮುಂಗಾಲು ಚೀಲದ ದಾರಕ್ಕೆ ಸಿಕ್ಕಿ ತಿರುಚಿತ್ತು. ಒಂದೇ ಕೈಯಲ್ಲಿ ಬಿಡಿಸಿದೆ. ಕೆಂಚಿ ತಲೆ ತಿರುಗಿಸಿ ಮರಿಯನ್ನು ಮೂಸಿತು, ಆಮೇಲೆ ನನ್ನ ಭುಜಕ್ಕೆ ಮೂತಿ ಒರಗಿಸಿತು. ಬಿಳಿ ಕುದುರೆ ಪಕ್ಕದಲ್ಲಿ ದಾಟಿ ಹೋಯಿತು.

ನಾವು ನಾಲ್ವರೂ ಉಳಿದ ದಾರಿ ನಡೆದೇ ಬಂದೆವು. ಜಮಾದಾರರು ತಂಬಿಗೆಯಲ್ಲಿ ಬೆರಳು ಅದ್ದಿ ನೋಡಿದರು. "ನೀರು ಪೂರಾ ಐತಿ. ಸವಾರ ಮಾತ್ರ ಗಾಯಬ್, ಕುದುರಿ ಮ್ಯಾಲ ಇಲ್ಲ," ಎಂದು ಬಹುಮಾನದ ರುಮಾಲನ್ನು ಬಿಳಿ ಕುದುರೆಯವನಿಗೆ ಸುತ್ತಿದರು. ನನಗೆ, "ನೀರಿನ ಜೊತಿ ಇದನ್ನೂ ಒಯ್ಯಿ," ಎಂದು ತಂಬಿಗೆ ಬಿಟ್ಟುಕೊಟ್ಟರು. ಆ ನೀರನ್ನು ಕೆಂಚಿಗೆ ಕುಡಿಸಿದೆ.

ಮಲ್ಲವ್ವ ಮರಿಗಳನ್ನು ಇಳಿಸಿದಳು. "ನಾ ಒಯ್ತೀನಿ ಇದನ್ನ," ಎಂದಳು. ನಾನು ತಲೆಯಾಡಿಸಿದೆ. ಎರಡು ಹೆಜ್ಜೆ ಹೋಗಿ ತಿರುಗಿದಳು. "ಗಾಯ ಮಾಯಲಿ. ಯುಗಾದಿ ಮುಂದಿನ ಸಂತಿಗೆ ಮಕ್ತಲಕ್ಕ ಬಾ."

ಆ ಚಳಿಗಾಲವೆಲ್ಲ, ಯುಗಾದಿಯವರೆಗೆ, ಸೀರೆ ಗಂಟನ್ನು ನಾನೇ ಹೊತ್ತೆ. ಅವ್ವ ರಾಟೆಯ ಪಕ್ಕದ ಖಾಲಿ ಜಾಗವನ್ನು ದಿನಾ ಗುಡಿಸುತ್ತಿದ್ದಳು. ಹುಸೇನಸಾಬರಿಗೆ ಜೀನು ಮರಳಿಸಿದೆ, ಗೋಣಿಚೀಲದ ಸಂಗತಿಯನ್ನೂ ಹೇಳಿದೆ. ಅವರು ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ಕರೆದು ಚಹಾ ಕೊಟ್ಟರು.

ಮಕ್ತಲದ ಸಂತೆಯಲ್ಲಿ ಕೆಂಚಿ ಹೊಳೆಯುತ್ತ ನಿಂತಿತ್ತು. ಗಾಯ ಮಾಯ್ದು, ಆ ಜಾಗದಲ್ಲಿ ಹೊಸ ಕೂದಲು ಬೆಳ್ಳಗೆ ಹುಟ್ಟಿತ್ತು. ಕೆಂಪು ಬೆನ್ನ ಮೇಲೆ ಒಂದು ಬೆಳ್ಳಿ ರೂಪಾಯಿ. ನಾನು ಹಗ್ಗಕ್ಕೆ ಕೈ ಚಾಚಿದೆ.

"ಮೊದಲ ಅಂಗಿ ತಗಿ," ಅಂದಳು ಮಲ್ಲವ್ವ. ಸಂತೆಯ ನಡುವೆ ಅಂಗಿ ತೆಗೆದು ನಿಂತೆ. ಗಂಟಿನ ಹಗ್ಗ ಉಜ್ಜಿ ಎರಡೂ ಹೆಗಲು ಕಪ್ಪಗಟ್ಟಿದ್ದವು. ಅಂಗೈ ಅಗಲಿಸಿ ನನ್ನ ಕತ್ತಿನಿಂದ ನಡುವಿನವರೆಗೆ ಒಂದು ಸಲ ಒಯ್ದಳು. "ಈಗ ಒಯ್ಯಿ."

ಕೆಂಚಿ ನಮ್ಮ ಅಂಗಳದಲ್ಲಿ ಹನ್ನೊಂದು ವರ್ಷ ಇತ್ತು. ಮುಂದಿನ ದಸರಾಕ್ಕೆ ಹೋದಾಗ ಮೂರು ಜನ ಸಾಹುಕಾರರ ಕುದುರೆಗಳೂ ಚೀಲದಲ್ಲಿ ಮರಿ ಹೊತ್ತು ಬಂದಿದ್ದವು. ಮರಿಗಳೆಲ್ಲ ಹಾರಿ ಮೈದಾನದ ತುಂಬ ಓಡಿದವು. ಜಮಾದಾರರು ಮರಿ ತರಬಾರದೆಂದು ಅಲ್ಲೇ ಕಾಯ್ದೆ ಮಾಡಿದರು, ಮರಿ ಇಲ್ಲದ ಕೆಂಚಿ ಎಂಟನೆಯದಾಗಿ ಬಂತು. ನಾನು ತೊಯ್ದೆ. ನಮ್ಮಿಬ್ಬರಿಗೂ ಬೇಸರವಾಗಲಿಲ್ಲ. ಆ ಬಿಳಿ ಕೂದಲನ್ನು ಯಾರಾದರೂ ಹುಟ್ಟು ಮಚ್ಚೆಯೇ ಎಂದು ಕೇಳಿದರೆ, ಅಲ್ಲ, ನನ್ನ ಗೋಣಿಚೀಲ ಎಂದು ಹೇಳುತ್ತಿದ್ದೆ. ಹಾಗೆ ಹೇಳಿದವನ ಗಂಟಿನಿಂದ ಜನ ಸೀರೆಯನ್ನು ಕಣ್ಣುಮುಚ್ಚಿ ಕೊಳ್ಳುತ್ತಾರೆ ಎಂಬುದು ಆಮೇಲೆ ಗೊತ್ತಾಯಿತು. ಅಂಗಡಿ ಹಾಕಿದ್ದು ಹಾಗೆ.

ತಂಬಿಗೆಯನ್ನು ತಕ್ಕಡಿಯಿಂದ ಇಳಿಸಿದ್ದೇನೆ, ಹೆಂಡತಿಗೆ ಬೇರೆ ದುಡ್ಡು ಕೊಟ್ಟು ಸ್ಟೀಲಿನದನ್ನು ಕೊಡಿಸಿದ್ದೇನೆ.

ಇನ್ನು ನಿಮಗೆ ಹೇಳುವುದಿಷ್ಟು. ಸೀರೆ ಮಾರುವವರಾದರೆ ಎಳೆ ತಪ್ಪಿದ್ದನ್ನು ಮಡಿಕೆಯ ಮೇಲ್ಭಾಗಕ್ಕೆ ಇಡಿ, ಎಂಟಾಣೆ ನೀವೇ ಇಳಿಸಿ, ಗಿರಾಕಿ ಮರುವರ್ಷವೂ ಬರುತ್ತಾನೆ. ಮೆತ್ತೆಯ ದುಡ್ಡು ಉಳಿಸಬೇಡಿ. ಕುದುರೆ ಕೊಳ್ಳುವವರಾದರೆ ಹಲ್ಲನ್ನು ಆಮೇಲೆ ಎಣಿಸಿ. ಮೊದಲು ಜೀನು, ಕಂಬಳಿ ಎಲ್ಲ ತೆಗೆಸಿ, ಅಂಗೈ ಅಗಲಿಸಿ ಕತ್ತಿನಿಂದ ಬಾಲದವರೆಗೆ ಒಂದು ಸಲ ಮೆಲ್ಲಗೆ ಒಯ್ಯಿರಿ. ನಡುವೆ ಎಲ್ಲಾದರೂ ಅರಿಸಿನ ಕಂಡರೆ ಕೈ ಮುಗಿಯಿರಿ, ಆಮೇಲೆ ಮುಟ್ಟಿ ನೋಡಿ.